ನಮ್ಮ ಪ್ರಬಂಧ ನಾವೇ ಬರೆಯೋಣ

(ವಿದ್ಯಾರ್ಥಿನಿಲಯವೊಂದರಲ್ಲಿ ಶನಿವಾರದ ಸಭೆಯಲ್ಲಿ ಆಡಿದ ಮಾತುಗಳು. ಗೆಳೆಯರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇವೆ.)



ಇವತ್ತು ಮಾತಾಡೋದಕ್ಕೆ ನೀವು ಕೊಟ್ಟಿರುವ ವಿಷಯ 'ಬಾಲ್ಯದ ನೆನಪು'. ಗೋಡೆಗೆ ಅಂಟಿಸಿದ ಚೀಟಿ ಓದಿ ಒಬ್ಬರು ನಮ್ಮ ಹತ್ತಿರ ಬಂದು, "ಇದೇನ್ರೀ ಇದು, ಚಳವಳಿ ಸಭೇಲಿ ಬಾಲ್ಯದ ನೆನಪು? ಭೂಮಿ ಬಗ್ಗೆ ಮಾತಾಡಿ, ಮೀಸಲಾತಿ ಬಗ್ಗೆ ಮಾತಾಡಿ" ಅಂದರು. ಅವರ ಮಾತನ್ನು ತೆಗೆದು ಹಾಕೋದಿಲ್ಲ. ಭೂಮಿ ಬೇಕು, ಕೆಲಸ ಬೇಕು. ಆದರೆ ಒಂದು ಕೇಳುತ್ತೇವೆ. ಭೂಮಿ ನಮ್ಮಿಂದ ಕಿತ್ತುಕೊಂಡದ್ದು ಅಂತ ನಮಗೆ ಗೊತ್ತು. ಬಾಲ್ಯವನ್ನೂ ಕಿತ್ತುಕೊಂಡಿದ್ದಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕನ್ನಡದಲ್ಲಿ ಬಾಲ್ಯ ಅಂದರೆ ಒಂದು ಸಿದ್ಧ ಚಿತ್ರ ಇದೆ. ಅಜ್ಜಿ ಮನೆ, ಮಾವಿನ ತೋಪು, ಬೇಸಿಗೆ ರಜ, ಹಿತ್ತಿಲ ಮಲ್ಲಿಗೆ, ಹಬ್ಬಕ್ಕೆ ಪಕ್ಕದ ಮನೆಯವರು ಕೊಟ್ಟ ಒಬ್ಬಟ್ಟು. ಇದ್ದವರು ಬರೆದಿದ್ದಾರೆ, ಬರೆಯಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇದೇ ಎಲ್ಲರ ಬಾಲ್ಯ ಅಂತ ಪಾಠ ಹೇಳಿದಾಗ, ಕೇರಿಯ ಕೂಸು ತನ್ನ ಬಾಲ್ಯ ಬಾಲ್ಯವೇ ಅಲ್ಲ ಅಂದುಕೊಂಡು ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆಯೇ ನಮ್ಮ ಇವತ್ತಿನ ವಿಷಯ.

ನಾವು ಹೇಳೋದು ಒಂದೇ ಮಾತು. ನಮ್ಮ ಬಾಲ್ಯ ಒಂದು ಸಾಕ್ಷಿ. ಸಾಕ್ಷಿಯನ್ನು ಬರೆದಿಡಬೇಕು. ಅದರಲ್ಲಿ ಅವಮಾನ ಇದ್ದರೆ ಅವಮಾನವನ್ನು, ಸಂತೋಷ ಇದ್ದರೆ ಸಂತೋಷವನ್ನು. ಎರಡರಲ್ಲಿ ಒಂದನ್ನೂ ಬಿಡಕೂಡದು.

ಇಸ್ಕೂಲಿಂದ ಶುರು ಮಾಡೋಣ.

ನಾವು ಅಕ್ಷರ ದಾಸೋಹದ ಮಕ್ಕಳು. 2002-03ರಲ್ಲಿ ಈ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾಯಿತು. ನಾವು ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಶಾಲೆಯ ಹಿಂದುಗಡೆ ಒಲೆ ಉರಿಯುತ್ತಿತ್ತು. ಇಸ್ಕೂಲು ಅಂದರೆ ನಮಗೆ ಮೊದಲು ಅನ್ನ, ಆಮೇಲೆ ಅಕ್ಷರ. ಇದನ್ನು ಹೇಳೋಕೆ ನಾಚಿಕೆ ಯಾಕೆ? ಮೂರನೇ ಪೀರಿಯಡ್ಡಿನಲ್ಲಿ ಸಾರಿನ ವಾಸನೆ ಬಂದರೆ ಮಗ್ಗಿ ಮರೆತು ಹೋಗುತ್ತಿತ್ತು. ಹಸಿವು ಇದ್ದವರಿಗೆ ಈ ಮಾತು ಗೊತ್ತು.

2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಬಿಸಿಯೂಟದ ಅಡಿಗೆಯವರನ್ನೂ ಸಹಾಯಕರನ್ನೂ ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ. ಕಾಗದದ ಮೇಲೆ ಎಂಥ ದೊಡ್ಡ ಮಾತು! ನಮ್ಮ ಶಾಲೆಗೂ ನಮ್ಮ ಕೇರಿಯ ಒಬ್ಬ ಚಿಕ್ಕವ್ವ ಸಹಾಯಕಿಯಾಗಿ ಬಂದಳು. ಸೌದೆ ಒಡೆಯೋದು ಅವಳು. ಪಾತ್ರೆ ಬೆಳಗೋದು ಅವಳು. ಜಗಲಿ ಸಾರಿಸೋದು ಅವಳು. ಸೌಟು ಮಾತ್ರ ಅವಳ ಕೈಗೆ ಬರಲಿಲ್ಲ. ಅಕ್ಕಿ ಆರಿಸಿದ್ದು ಯಾರ ಕೈ ಅಂತ ಯಾರೂ ಕೇಳಲಿಲ್ಲ, ಬಡಿಸೋದು ಯಾರ ಕೈ ಅಂತ ಊರೆಲ್ಲ ಕೇಳುತ್ತಿತ್ತು.

ಒಂದು ದಿನ ಅಡಿಗೆಯವರು ಬರಲಿಲ್ಲ. ಚಿಕ್ಕವ್ವನೇ ಅನ್ನ ಮಾಡಿದಳು, ಸಾರು ಮಾಡಿದಳು, ಸೌಟು ಹಿಡಿದು ನಿಂತಳು. ಅವತ್ತು ಊರಿನ ಮಕ್ಕಳಿಗೆಲ್ಲ ಒಂದೇ ಸಲ ಹೊಟ್ಟೆನೋವು ಬಂತು. ಅರ್ಧ ಸಾಲು ಎದ್ದು ಮನೆಗೆ ಹೋಯಿತು. ಉಳಿದವರಿಗೆ ಎರಡೆರಡು ಸೌಟು. ನಾವು ಹೊಟ್ಟೆ ಬಿರಿಯ ಉಂಡೆವು. ನಗು ಬರುತ್ತದೆ ಅಲ್ಲವಾ? ನಾವೂ ನಕ್ಕಿದ್ದೆವು. ಆದರೆ ಚಿಕ್ಕವ್ವ ಉಳಿದ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿ ಅದರ ಪಕ್ಕದಲ್ಲೇ ಕೂತಿದ್ದಳು. ಅವಳು ಉಣ್ಣಲಿಲ್ಲ. ಮಾರನೇ ದಿನದಿಂದ ಮತ್ತೆ ಪಾತ್ರೆ ಬೆಳಗಿದಳು. ಊರಿನ ಮಕ್ಕಳ ಹೊಟ್ಟೆನೋವು ವಾಸಿಯಾಯಿತು.

ಆ ಸಾಲನ್ನು ಯಾರು ಮಾಡಿದ್ದು ಅಂತ ಕೇಳಿದರೆ ಯಾರೂ ಮಾಡಿದ್ದಲ್ಲ. ನೆಲದ ಮೇಲೆ ಗೆರೆ ಇರಲಿಲ್ಲ, ಗೋಡೆಯ ಮೇಲೆ ಬೋರ್ಡು ಇರಲಿಲ್ಲ. ಆದರೂ ದಿನಾ ಊಟಕ್ಕೆ ಕೂತಾಗ ನಾವು ನಾವೇ ಒಂದು ಕಡೆ ಇರುತ್ತಿದ್ದೆವು. ನಮ್ಮ ಕಾಲದ ಅಸ್ಪೃಶ್ಯತೆ ಹೀಗೆ. ಯಾರೂ ಹೇಳೋದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. 1950ರಲ್ಲೇ ಸಂವಿಧಾನದ 17ನೇ ವಿಧಿ ಇದನ್ನು ರದ್ದು ಮಾಡಿದೆ. ರದ್ದಾದದ್ದು ಪ್ರತಿ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಜಗಲಿಯ ಮೇಲೆ ಊಟಕ್ಕೆ ಕೂರುತ್ತಿತ್ತು.

ಇನ್ನೊಂದು ನೆನಪು ನಿಮ್ಮೆಲ್ಲರಿಗೂ ಇದ್ದೇ ಇರುತ್ತದೆ. ವಿದ್ಯಾರ್ಥಿವೇತನದ ದಿನ. "ಎಸ್ಸಿ ಎಸ್ಟಿ ಮಕ್ಕಳೆಲ್ಲ ಎದ್ದು ನಿಂತ್ಕಳಿ." ಎದ್ದು ನಿಂತೆವು. ಅದುವರೆಗೆ ಪಕ್ಕದಲ್ಲಿ ಕೂತು ಬಳಪ ಹಂಚಿಕೊಂಡಿದ್ದ ಹುಡುಗ ಕೆಳಗಿಂದ ಮೇಲಕ್ಕೆ ನೋಡಿ, "ನೀನೂನಾ?" ಅಂದ. ಸಿಟ್ಟಿಲ್ಲ, ತಿರಸ್ಕಾರವಿಲ್ಲ, ಬರೀ ಆಶ್ಚರ್ಯ. ವಿದ್ಯಾರ್ಥಿವೇತನ ನಮ್ಮ ಹಕ್ಕು. ಅದನ್ನು ಆಫೀಸು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೊಡಬಹುದಿತ್ತು. ನಲವತ್ತು ಮಕ್ಕಳ ನಡುವೆ ನಿಲ್ಲಿಸಿ ಕೊಟ್ಟಾಗ ಹಣದ ಜೊತೆಗೆ ಒಂದು ಗುರುತನ್ನೂ ಕೊಟ್ಟರು. ಹಣ ಪೆನ್ನು ಪುಸ್ತಕಕ್ಕೆ ಖರ್ಚಾಯಿತು. ಗುರುತು ಇನ್ನೂ ಹಾಗೇ ಉಳಿದಿದೆ.

ಆದರೆ ಶಾಲೆಯಲ್ಲಿ ಇಷ್ಟೇ ಇತ್ತು ಅಂದರೆ ಅದು ಸುಳ್ಳು ಸಾಕ್ಷಿ ಆಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ 'ನಮ್ಮ ಊರು' ಅಂತ ನಕ್ಷೆ ಬರೆಸಿದರು. ಗುಡಿ, ಅರಳಿಕಟ್ಟೆ, ಹಾಲಿನ ಡೈರಿ, ಪಂಚಾಯ್ತಿ ಆಫೀಸು, ಗೌಡರ ಬೀದಿ ಎಲ್ಲ ಬರೆದು ಮುಗಿಸುವ ಹೊತ್ತಿಗೆ ಹಾಳೆ ಮುಗಿದಿತ್ತು. ಕೇರಿಗೆ ಜಾಗವೇ ಇಲ್ಲ. ಎಲ್ಲಿ ಬರೆಯೋದು ಅಂತ ಕೇಳಿದಾಗ ಆ ಮೇಡಂ ಒಂದು ಗಳಿಗೆ ಸುಮ್ಮನಿದ್ದು, "ಹಾಳೆ ಸಾಲ್ದಿದ್ರೆ ಇನ್ನೊಂದು ಹಾಳೆ ಅಂಟಿಸು" ಅಂದರು. ಅನ್ನದ ಅಗುಳು ಹಚ್ಚಿ ಅಂಟಿಸಿದೆವು. ಕೇರಿಗೇ ಒಂದು ಪೂರ್ತಿ ಹಾಳೆ! ಮಾರಮ್ಮನ ಗುಡಿ, ಹುಣಿಸೆಮರ, ಬೋರ್‌ವೆಲ್ಲು, ಒಬ್ಬೊಬ್ಬರ ಮನೆ, ಕೋಳಿಗೂಡು ಸಮೇತ ಬರೆದೆವು. ಆ ಮೇಡಂ ಯಾವ ಜಾತಿ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಅಂಥವರೂ ಇದ್ದರು ಅಂತ ಬರೆದಿಡೋದು ನಮ್ಮ ಕರ್ತವ್ಯ.

ನಮಗಿಂತ ನೂರು ವರ್ಷಕ್ಕೂ ಹಿಂದೆ ಸಾತಾರದ ಶಾಲೆಯಲ್ಲಿ ಒಬ್ಬ ಹುಡುಗ ಮನೆಯಿಂದ ಗೋಣಿತಾಟು ತಂದು ಮೂಲೆಯಲ್ಲಿ ಹಾಸಿಕೊಂಡು ಕೂರುತ್ತಿದ್ದ. ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು, ಯಾಕೆಂದರೆ ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿಯನ್ನು ತಾನೇ ತಿರುಗಿಸುವ ಹಾಗಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಆ ಹುಡುಗ ಬಾಬಾಸಾಹೇಬ ಅಂಬೇಡ್ಕರ್. ಇದನ್ನು ಅವರೇ ಬರೆದಿಟ್ಟಿದ್ದಾರೆ. ಬರೆಯದೇ ಇದ್ದಿದ್ದರೆ? ಆ ಗೋಣಿತಾಟಿನ ಸಂಗತಿ ಶಾಲೆಯ ಯಾವ ದಾಖಲೆಯಲ್ಲಿ ಸಿಗುತ್ತಿತ್ತು? ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಎಲ್ಲಿ ಕೂತಿದ್ದ ಅಂತ ಇರೋದಿಲ್ಲ.

ಈಗ ನೆರೆಹೊರೆಗೆ ಬರೋಣ.

'ನೆರೆಹೊರೆ' ಅಂತ ಒಂದು ಪಾಠ ಇತ್ತು. ನೆರೆಯವರು ಕಷ್ಟಸುಖಕ್ಕೆ ಆಗುತ್ತಾರೆ, ಅವರ ಜೊತೆ ಹೊಂದಿಕೊಂಡು ಬಾಳಬೇಕು ಅಂತ. ನಮ್ಮ ಕೇರಿಯಲ್ಲಿ ಈ ಪಾಠ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಮನೆಗೆ ಒಂದೇ ಗೋಡೆ. ಆ ಮನೆಯಲ್ಲಿ ಕೆಮ್ಮಿದರೆ ಈ ಮನೆಯಲ್ಲಿ ಎಚ್ಚರ. ಒಂದು ಮನೆಯ ಉಪ್ಪಿನೆಸರು ಇನ್ನೊಂದು ಮನೆಯ ಮುದ್ದೆಗೆ. ಅವ್ವ ಕೂಲಿಗೆ ಹೋದಾಗ ನಮ್ಮನ್ನು ನೋಡಿಕೊಂಡದ್ದು ಪಕ್ಕದ ಮನೆಯ ಅಜ್ಜಿ. ಸಾಯಂಕಾಲ ಆಯಿತು ಅಂದರೆ ಅವಳ ಜಗಲಿಯೇ ನಮ್ಮ ಎರಡನೇ ಇಸ್ಕೂಲು. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋದದ್ದು, ಬಾಗಿಲಲ್ಲಿ ಅವನನ್ನು ತಡೆದದ್ದು, ಒಳಗಿದ್ದ ದೊಡ್ಡ ದೊಡ್ಡ ಜಂಗಮರ ಬಣ್ಣ ಬಯಲಾದದ್ದು, ಎಲ್ಲವನ್ನೂ ನಿನ್ನೆ ತನ್ನ ಕಣ್ಣೆದುರು ನಡೆದ ಹಾಗೆ ಹೇಳುತ್ತಿದ್ದಳು. "ಬಾಕ್ಲಲ್ಲಿ ನಿಂತವನೇ ದೊಡ್ಡವ್ನು ಕಣ್ ಮೊಗಾ, ಒಳಗವ್ರೆಲ್ಲ ಅವ್ನ್ ಪರೀಕ್ಷೆಗೆ ಕೂತವ್ರೆ" ಅನ್ನುತ್ತಿದ್ದಳು. ಅವಳಿಗೆ ಓದು ಬರಹ ಇಲ್ಲ. ಬಿ.ಎ.ಯಲ್ಲಿ ಜನಪದ ಸಾಹಿತ್ಯ ಅಂತ ಇದೇ ಕಥೆಯನ್ನು ನಾವು ಓದಿ ಮಾರ್ಕು ತೆಗೆದೆವು. ಅಜ್ಜಿಗೆ ಯಾರು ಮಾರ್ಕು ಕೊಡುತ್ತಾರೆ?

ಊರೊಳಗಿನ ನೆರೆಯವರ ಸಂಗತಿ ಬೇರೆ. ಅಪ್ಪ ದುಡಿಯುತ್ತಿದ್ದ ಮನೆಯ ಅಮ್ಮಾವ್ರು ಕೆಟ್ಟವರಲ್ಲ. ಹಬ್ಬದ ದಿನ ಕರೆದು ಕೊಡುತ್ತಿದ್ದರು. ಆದರೆ ಕೊಡುವ ಕೈ ಮೇಲೆ, ಇಸ್ಕೊಳ್ಳುವ ಕೈ ಕೆಳಗೆ, ನಡುವೆ ಒಂದು ಅಡಿ ಗಾಳಿ. ಒಬ್ಬಟ್ಟು ಆ ಗಾಳಿಯಲ್ಲಿ ಬಿದ್ದು ನಮ್ಮ ಕೈ ಸೇರಬೇಕು. ಒಳ್ಳೆಯತನಕ್ಕೂ ಒಂದು ಅಡಿ ದೂರ ಇರುತ್ತದೆ ಅನ್ನೋದನ್ನು ಪಾಠದ ನೆರೆಹೊರೆ ಹೇಳಿಕೊಡಲಿಲ್ಲ. ಆ ಮನೆಯ ಹುಡುಗ ಮಾತ್ರ ಕತ್ತಲಾದ ಮೇಲೆ ನಮ್ಮ ಮನೆಗೆ ಬಂದು ಒಣಮೀನಿನ ಸಾರು ಉಣ್ಣುತ್ತಿದ್ದ. "ಯಾರ್ಗೂ ಹೇಳ್ಬೇಡಿ" ಅಂತ ಅವ್ವನ ಕೈ ಹಿಡಿದು ಆಣೆ ಹಾಕಿಸಿಕೊಂಡು ಹೋಗುತ್ತಿದ್ದ. ಅವನ ನಾಲಿಗೆಗೆ ಜಾತಿ ಇರಲಿಲ್ಲ, ಭಯ ಇತ್ತು.

ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಊರಿನ ಗೋಡೆಯ ಬಗ್ಗೆ ಮಾತ್ರ ಬರೆದು ಕೇರಿಯೊಳಗಿನ ಗೋಡೆಯನ್ನು ಮುಚ್ಚಿಟ್ಟರೆ ಆಗೋದಿಲ್ಲ. ಹೊಲಗೇರಿಗೂ ಮಾದಿಗಗೇರಿಗೂ ನಡುವೆ ಹೆಣ್ಣು ಕೊಟ್ಟು ತರೋದು ಎಷ್ಟಿದೆ? ನಮ್ಮ ಒಲೆಯ ಕೆಂಡ ಎಲ್ಲಿಯವರೆಗೆ ಹೋಗುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು? ಬಾಲ್ಯ ಇದನ್ನೆಲ್ಲ ನೋಡಿದೆ. ಮಕ್ಕಳ ಕಣ್ಣು ಪಕ್ಷ ನೋಡೋದಿಲ್ಲ.

ಇನ್ನು ಪ್ರವಾಸ. ನಿಮಗೆಲ್ಲ ಬರೆದು ಬರೆದು ಬಾಯಿಪಾಠ ಆಗಿರುವ ಪ್ರಬಂಧ: 'ನಾನು ಕೈಗೊಂಡ ಪ್ರವಾಸ'.

ನಮ್ಮ ಮನೆಯವರು ವರ್ಷಕ್ಕೆ ಒಂದೇ ಪ್ರವಾಸ ಹೋಗುತ್ತಿದ್ದದ್ದು. ಚಿಕ್ಕಲ್ಲೂರಿಗೆ. ಚಾಮರಾಜನಗರ ಜಿಲ್ಲೆ ಕೊಳ್ಳೇಗಾಲದ ಸೀಮೆಯಲ್ಲಿ ಸಿದ್ಧಪ್ಪಾಜಿಯ ಗದ್ದುಗೆ ಇರುವ ಜಾಗ ಅದು. ಜನವರಿಯ ಹುಣ್ಣಿಮೆಗೆ ಚಂದ್ರಮಂಡಲೋತ್ಸವದಿಂದ ಜಾತ್ರೆ ಶುರು, ಒಟ್ಟು ಐದು ದಿನ. ನಾವು ಹೋಗುತ್ತಿದ್ದದ್ದು ನಾಲ್ಕನೇ ದಿನ, ಪಂಕ್ತಿ ಸೇವೆಯ ದಿನ. ಬೆಳಗಿನ ಜಾವ ಎದ್ದು ಹೊರಟು ರಾತ್ರಿ ವಾಪಸ್ಸು.

ಎರಡು ಮೂರು ಮನೆಯವರು ಸೇರಿ ಒಂದು ಗೂಡ್ಸ್ ಆಟೋ ಮಾಡಿಕೊಳ್ಳುತ್ತಿದ್ದೆವು. ಹಿಂದೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಪಾತ್ರೆ, ಸೌದೆ, ಖಾರದ ಪುಡಿ, ಅಕ್ಕಿ, ಕಾಲು ಕಟ್ಟಿದ ಕೋಳಿಗಳು, ಅವುಗಳ ಮಧ್ಯೆ ನಾವು. ಅಜ್ಜಿ ಮುಂದೆ ಡ್ರೈವರ್ ಪಕ್ಕ ಕೂರಬೇಕು ಅಂತ ಜಗಳ ತೆಗೆದು ಗೆಲ್ಲುತ್ತಿದ್ದಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅವ್ವ ತನ್ನ ಸೆರಗಿನೊಳಗೆ ಇಬ್ಬರನ್ನು ಎಳೆದುಕೊಂಡು ಕೂರುತ್ತಿದ್ದಳು. ಅವ್ವ ಕೆಲಸ ಮಾಡದೆ ಸುಮ್ಮನೆ ಕೂತದ್ದನ್ನು ನಾವು ನೋಡಿದ್ದು ವರ್ಷದಲ್ಲಿ ಆ ಎರಡು ಗಂಟೆ ಮಾತ್ರ. ಹಾಡು ಹೇಳು ಅಂದರೆ ಹಾಡುತ್ತಿದ್ದಳು. ಅವಳಿಗೆ ಹಾಡು ಬರುತ್ತದೆ ಅಂತ ಗೊತ್ತಾದದ್ದೇ ಆ ಆಟೋದಲ್ಲಿ.

ದಾರಿಯಲ್ಲಿ ಒಂದು ಟೀ ಅಂಗಡಿ. ಎಲ್ಲರೂ ಇಳಿಯುವಷ್ಟರಲ್ಲಿ ಅಪ್ಪ ಮುಂದೆ ಹೋಗಿ, ಅಂಗಡಿಯವರು ಬಾಯಿ ತೆರೆಯುವ ಮೊದಲೇ, "ಪ್ಲಾಸ್ಟಿಕ್ ಲೋಟದಲ್ಲೇ ಕೊಟ್ಬುಡಿ, ಆಟೋದಲ್ಲೇ ಕುಡೀತೀವಿ" ಅನ್ನುತ್ತಿದ್ದ. ಆಟೋದ ಪಕ್ಕ ನಿಂತು ಕುಡಿದು ಲೋಟ ಬಿಸಾಡಿ ಹೊರಡುತ್ತಿದ್ದೆವು. ಅಂಗಡಿಯ ಒಳಗೆ ಬೆಂಚು ಖಾಲಿ ಇತ್ತು. ಗಾಜಿನ ಲೋಟಗಳು ಸಾಲಾಗಿ ಬೋರಲು ಹಾಕಿದ್ದವು. ಅಪ್ಪನಿಗೆ ಅವಸರ ಅಂತ ನಾವು ತಿಳಿದಿದ್ದೆವು. ಅದು ಅವಸರ ಅಲ್ಲ. 'ನಿಮಗೆ ಬೇರೆ ಲೋಟ' ಅನ್ನುವ ಮಾತು ಮಕ್ಕಳ ಕಿವಿಗೆ ಬೀಳುವ ಮೊದಲೇ ಅಪ್ಪ ಆ ಮಾತನ್ನು ತನ್ನ ಬಾಯಿಂದ ಬೇರೆ ರೀತಿ ಆಡಿಬಿಡುತ್ತಿದ್ದ. ಹಬ್ಬದ ದಿನ ನಮ್ಮ ಮುಖ ಬಾಡಬಾರದು ಅಂತ ಅವನು ಪ್ರತಿ ವರ್ಷ ಆ ಅಂಗಡಿಯ ಮುಂದೆ ಹೀಗೆ ಅಡ್ಡ ನಿಂತ. ನಮ್ಮ ಅಪ್ಪಂದಿರ ಪ್ರೀತಿ ಎಂಥದು ಅಂತ ಕೇಳಿದರೆ ನಾವು ಇದನ್ನು ಹೇಳುತ್ತೇವೆ.

ಚಿಕ್ಕಲ್ಲೂರು ಬಂದರೆ ಬೇರೆ ಲೋಕ. ಎಲ್ಲಿ ನೋಡಿದರೂ ಬಿಡಾರ, ಒಲೆಯ ಹೊಗೆ. ನೀಲಗಾರರ ತಂಬೂರಿ, ಗಗ್ಗರ, ಡಕ್ಕೆಯ ಸದ್ದು. ಕಪ್ಪುಧೂಳ್ತ ಹಚ್ಚಿಕೊಂಡು ತಿರುಗಿದರೆ ಯಾರ ಹಣೆಯೂ ಒಂದೇ. ಅಡಿಗೆ ಆದ ಮೇಲೆ ಎಡೆ ಹಾಕಿ ಪಂಕ್ತಿಗೆ ಕೂರೋದು. ಪಕ್ಕದ ಬಿಡಾರದವರು ಯಾವ ಊರೋ, ಯಾವ ಕುಲವೋ. "ಬನ್ನಿ, ಕುಂತ್ಕಳಿ, ಉಂಡ್ಕಂಡೋಗಿ" ಅನ್ನೋದು ಒಂದೇ ಮಾತು. ನಮ್ಮ ಎಲೆಗೆ ಅವರ ಸಾರು, ಅವರ ಎಲೆಗೆ ನಮ್ಮ ತುಂಡು. ಅವ್ವ ಸೌಟು ಹಿಡಿದು ಗುರುತಿಲ್ಲದವರಿಗೆಲ್ಲ ಬಡಿಸುತ್ತಿದ್ದಳು. ಯಾರಿಗೂ ಹೊಟ್ಟೆನೋವು ಬರಲಿಲ್ಲ.

ಇದನ್ನು ಬಹಳ ಸಿಹಿ ಮಾಡಿ ಹೇಳಬಾರದು. ಜಾತ್ರೆ ಮುಗಿದರೆ ಊರು ಊರೇ, ಕೇರಿ ಕೇರಿಯೇ. ರಾತ್ರಿ ವಾಪಸ್ಸು ಬರುವಾಗ ಅದೇ ಟೀ ಅಂಗಡಿ, ಅದೇ ಪ್ಲಾಸ್ಟಿಕ್ ಲೋಟ. ಈಚಿನ ವರ್ಷಗಳಲ್ಲಂತೂ 1959ರ ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಲ್ಲಿ ಈ ಪಂಕ್ತಿಗೇ ಅಡ್ಡಿ ಬಂದಿದೆ. ಇದು ಬಲಿಯಲ್ಲ, ಒಟ್ಟಿಗೆ ಕೂತು ಉಣ್ಣುವ ಊಟ ಅಂತ ಒಕ್ಕಲಿನವರು ವಾದಿಸುತ್ತಲೇ ಬಂದಿದ್ದಾರೆ. ಆದರೂ ವರ್ಷಕ್ಕೆ ಒಂದು ದಿನ ಆ ಸಾಲಿನಲ್ಲಿ ಕೂತು ಉಂಡ ಮಗು, ಇಸ್ಕೂಲಿನ ಸಾಲು ದೇವರು ಮಾಡಿದ್ದಲ್ಲ ಅಂತ ಕಲಿಯುತ್ತದೆ. ಬೇರೆ ಥರ ಕೂರಬಹುದು ಅನ್ನೋದನ್ನು ಅದರ ಕಣ್ಣು ನೋಡಿರುತ್ತದೆ.

ಏಳನೇ ಕ್ಲಾಸಿನಲ್ಲಿ 'ನಾನು ಕೈಗೊಂಡ ಪ್ರವಾಸ' ಬರೆಯಿರಿ ಅಂದಾಗ ನಾವು ಇದನ್ನೇ ಬರೆದೆವು. ಆಟೋ, ಅವ್ವನ ಹಾಡು, ಕೋಳಿ, ಪಂಕ್ತಿ. ಪುಸ್ತಕ ವಾಪಸ್ಸು ಬಂದಾಗ ಉದ್ದಕ್ಕೂ ಕೆಂಪು ಗೆರೆ. 'ಮಾಂಸ', 'ಕೋಳಿ' ಅನ್ನುವ ಪದಗಳಿಗೆ ಸುತ್ತು ಹಾಕಿತ್ತು. "ಇದೆಲ್ಲಾ ಪ್ರವಾಸ ಅಲ್ಲ. ಬೇಲೂರು ಹಳೇಬೀಡು ಬಗ್ಗೆ ಬರಿ" ಅಂದರು ಮೇಷ್ಟ್ರು. ಬೇಲೂರನ್ನು ನಾವು ನೋಡಿರಲಿಲ್ಲ. ಗೈಡಿನಲ್ಲಿ ಇತ್ತು. ಇಡೀ ಕ್ಲಾಸು ಅದನ್ನೇ ಇಳಿಸಿತು. ನಲವತ್ತು ಮಕ್ಕಳು ನೋಡದ ಶಿಲಾಬಾಲಿಕೆಯರನ್ನು ಹೊಗಳಿ ಹತ್ತಕ್ಕೆ ಏಳು ತೆಗೆದರು. ಬೇಲೂರಿನ ಶಿಲ್ಪದ ಮೇಲೆ ನಮಗೆ ಸಿಟ್ಟಿಲ್ಲ. ಕಲ್ಲು ಕಡಿದವರು ದುಡಿಯುವ ಜನವೇ. ಆದರೆ ಕಂಡದ್ದನ್ನು ಅಳಿಸಿ ಕಾಣದ್ದನ್ನು ಬರೆಸುವ ವಿದ್ಯೆ ಎಂಥ ವಿದ್ಯೆ?

ಗೆಳೆಯರೇ, ಇದೇ ಪ್ರಬಂಧವನ್ನು ಬಾಬಾಸಾಹೇಬರೂ ಬರೆದಿದ್ದಾರೆ. ಗೋಣಿತಾಟಿನ ಸಂಗತಿ ಇರುವ ಅದೇ ಬರಹದಲ್ಲಿ. 'ವೀಸಾಗಾಗಿ ಕಾಯುತ್ತಾ' ಅನ್ನುವ ಆ ಕಿರುಬರಹ 1990ರಲ್ಲಿ ಪುಸ್ತಿಕೆಯಾಗಿ ಅಚ್ಚಾಯಿತು. ಅದರ ಮೊದಲ ಪ್ರಸಂಗವೇ ಮಕ್ಕಳ ಒಂದು ಪ್ರವಾಸ.

1901ನೇ ಇಸವಿ. ಅಂಬೇಡ್ಕರರಿಗೆ ಸುಮಾರು ಒಂಬತ್ತು ವರ್ಷ. ತಾಯಿ ಇಲ್ಲ. ತಂದೆ ದೂರದ ಕೋರೆಗಾಂವಿನಲ್ಲಿ ಕ್ಯಾಷಿಯರ್. ಬರಗಾಲದಲ್ಲಿ ನೊಂದ ಜನಕ್ಕೆ ಕೆಲಸ ಕೊಡೋದಕ್ಕೆ ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಬೇಸಿಗೆ ರಜಕ್ಕೆ ಬನ್ನಿ ಅಂತ ತಂದೆ ಬರೆದರು. ಅಣ್ಣ, ಅಕ್ಕನ ಮಗ, ಇವರು ಹೊಸ ಅಂಗಿ, ಹೊಳೆಯುವ ಟೋಪಿ, ಹೊಸ ಬೂಟು ಹಾಕಿಕೊಂಡು ರೈಲು ಹತ್ತಿದರು. ಆ ಸಂಭ್ರಮ ನೋಡಿ, ನಮ್ಮ ಆಟೋದ ಸಂಭ್ರಮವೇ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಕಾಗದ ತಂದೆಯ ಕೈ ಸೇರಿರಲಿಲ್ಲ. ಒಳ್ಳೆ ಬಟ್ಟೆ ತೊಟ್ಟ ಮಕ್ಕಳನ್ನು ನೋಡಿ ಸ್ಟೇಷನ್ ಮಾಸ್ತರು ಯಾರು ಅಂತ ವಿಚಾರಿಸಿದರು. ಮಹಾರರು ಅಂತ ಮಕ್ಕಳು ನಿಜ ಹೇಳಿದರು. ಮಾಸ್ತರ ಮುಖದ ಬಣ್ಣ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಹೇಗೆ? ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ತುಂಬಾ ಊಟ ಇತ್ತು, ಗುಟುಕು ನೀರು ಇರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರು ಅಂತ ಹೇಳಿ ಕೇಳಿದರೂ ನೀರು ಸಿಗಲಿಲ್ಲ. ಊಟ ಪಕ್ಕದಲ್ಲಿ ಇಟ್ಟುಕೊಂಡು ಮಕ್ಕಳು ಹಸಿದು ಮಲಗಿದರು. ತಂದೆ ಕೆರೆ ತೋಡಿಸುವ ಲೆಕ್ಕ ಬರೆಯುತ್ತಿದ್ದಾರೆ, ಮಕ್ಕಳಿಗೆ ದಾರಿಯಲ್ಲಿ ನೀರಿಲ್ಲ.

ಇದನ್ನು ಬರೆದಾಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಿಂದಲೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದಲೂ ದೊಡ್ಡ ಪದವಿಗಳನ್ನು ತಂದಿದ್ದ ವಿದ್ವಾಂಸರು. ಅಸ್ಪೃಶ್ಯತೆ ಅಂದರೆ ಏನು ಅಂತ ಹೊರಗಿನವರಿಗೆ ತಿಳಿಸಲು ಅವರಿಗೆ ಅಂಕಿಅಂಶ ಗೊತ್ತಿತ್ತು, ಶಾಸ್ತ್ರ ಗೊತ್ತಿತ್ತು. ಆದರೂ ಈ ಬರಹದಲ್ಲಿ ಅವರು ಆರಿಸಿಕೊಂಡದ್ದು ಒಂಬತ್ತು ವರ್ಷದ ಹುಡುಗನ ಬಾಯಾರಿಕೆಯನ್ನು. ಹಾಗಾದರೆ ನಿಮ್ಮ ನೆನಪು ಸಣ್ಣದು ಅಂತ ಯಾರಾದರೂ ಅಂದರೆ ನಂಬಬೇಡಿ.

ಇನ್ನೂ ಹಿಂದಕ್ಕೆ ಹೋಗಿ. 1855ನೇ ಇಸವಿ. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ ಓದುತ್ತಿದ್ದ ಹದಿನಾಲ್ಕು ವರ್ಷದ ಹುಡುಗಿ ಮುಕ್ತಾಬಾಯಿ. ಮಾಂಗ್ ಜಾತಿ, ನಮ್ಮ ಕಡೆ ಮಾದಿಗರು ಹೇಗೋ ಅಲ್ಲಿ ಮಾಂಗರು ಹಾಗೆ. ಅವಳು ಮಹಾರ ಮಾಂಗರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. ಪೇಶ್ವೆಗಳ ಕಾಲದ ಕ್ರೌರ್ಯವನ್ನು ಬರೆದಳು. ವೇದ ನಿಮ್ಮದೇ ಆದರೆ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ಹೆರುವಾಗ ಮೇಲೆ ಸೂರೂ ಇಲ್ಲದ ಹೆಂಗಸರ ನೋವನ್ನು ಬರೆದಳು. ಅವಳ ಮೇಷ್ಟ್ರು ಅದಕ್ಕೆ ಕೆಂಪು ಗೆರೆ ಎಳೆಯಲಿಲ್ಲ. 'ಜ್ಞಾನೋದಯ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಶಾಲೆಯ ಹುಡುಗಿ ಬರೆದ ಪ್ರಬಂಧ ಇವತ್ತಿಗೂ ಉಳಿದಿದೆ. ಆ ಕಾಲದಲ್ಲಿ ಹತ್ತಕ್ಕೆ ಏಳು ತೆಗೆದ ಪ್ರಬಂಧಗಳು ಎಲ್ಲಿವೆ?

ಕನ್ನಡದಲ್ಲಿಯೂ ಈ ದಾರಿ ಬಿದ್ದಿದೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು, ಆಮೇಲೆ ಸಿದ್ಧಲಿಂಗಯ್ಯನವರ 'ಊರುಕೇರಿ'. 2021ರಲ್ಲಿ ತೀರಿಕೊಂಡ ಸಿದ್ಧಲಿಂಗಯ್ಯನವರು ಎತ್ತಿನ ಬದಲು ಅಪ್ಪನ ಹೆಗಲ ಮೇಲೆ ನೊಗ ಇದ್ದದ್ದನ್ನು ಬರೆದರು. ಅದೇ ಪುಸ್ತಕದಲ್ಲಿ ನಮ್ಮನ್ನು ಹೊಟ್ಟೆ ಹಿಡಿದು ನಗಿಸಿದರು. ನೋವನ್ನು ಹೇಳುವವನು ಅಳುತ್ತಲೇ ಇರಬೇಕು ಅನ್ನುವ ನಿಯಮ ಇಲ್ಲ. ನಗುವೂ ನಮ್ಮ ಕೇರಿಯ ಆಸ್ತಿ.

ಒಂದು ಕಷ್ಟದ ಮಾತು ಹೇಳಬೇಕು. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ರೋಹಿತ್ ವೇಮುಲ ನಮ್ಮನ್ನು ಬಿಟ್ಟು ಹೋದ. ಹಾಸ್ಟೆಲಿನಿಂದ ಹೊರಗೆ ಹಾಕಲಾಗಿದ್ದ ಐವರಲ್ಲಿ ಒಬ್ಬ. ವಿಜ್ಞಾನದ ಬರಹಗಾರ ಆಗಬೇಕು ಅಂದುಕೊಂಡಿದ್ದವನು. ಅವನ ಕೊನೆಯ ಪತ್ರದಲ್ಲಿ ಬಾಲ್ಯದ ಒಂಟಿತನದ ಮಾತು ಬರುತ್ತದೆ. ಬಾಲ್ಯ ಮುಗಿದು ಹೋಗುವ ವಸ್ತು ಅಲ್ಲ ಗೆಳೆಯರೇ. ಅದು ಟ್ರಂಕಿನ ಜೊತೆ ಹಾಸ್ಟೆಲಿಗೆ ಬರುತ್ತದೆ. ಹತ್ತು ಜನ ಮಲಗುವ ಕೋಣೆಯಲ್ಲಿ ಹತ್ತು ಬಾಲ್ಯಗಳು ಒಂಟಿಯಾಗಿ ಮಲಗಿರುತ್ತವೆ. 'ನಿಮ್ಮೂರು ಯಾವುದು' ಅಂತ ಯಾರಾದರೂ ಕೇಳಿದರೆ ತಾಲ್ಲೂಕಿನ ಹೆಸರು ಹೇಳಿ ಮಾತು ತಿರುಗಿಸುತ್ತೇವೆ. ಪಕ್ಕದ ಮಂಚದವನಿಗೂ ಅದೇ ಜಗಲಿ, ಅದೇ ಸಾಲು, ಅದೇ ಲೋಟ ಇತ್ತು ಅಂತ ಗೊತ್ತಾಗೋದೇ ಇಲ್ಲ. ಯಾರ ಎದೆಯಲ್ಲಾದರೂ ತಡೆಯಲಾರದಷ್ಟು ಭಾರ ಇದ್ದರೆ ಇವತ್ತು ರಾತ್ರಿಯೇ ಪಕ್ಕದವರನ್ನು ಎಬ್ಬಿಸಿ ಹೇಳಿ. ಎಬ್ಬಿಸಿದ್ದಕ್ಕೆ ಯಾರೂ ಬೈಯೋದಿಲ್ಲ.

ಮಾಡಬೇಕಾದ್ದು ಹೆಚ್ಚಿಲ್ಲ. ಈ ಹಾಸ್ಟೆಲಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಇಡೋಣ. ಪ್ರತಿಯೊಬ್ಬರೂ ಎರಡು ಪುಟ ಬರೆಯೋದು. ಶಾಲೆ, ನೆರೆ, ಒಂದು ಪ್ರವಾಸ. ಯಾವ ವರ್ಷ, ಯಾವ ಕ್ಲಾಸು, ಯಾರು ಏನು ಅಂದರು, ನಾವು ಏನು ಉಂಡೆವು, ಎಲ್ಲ ವಿವರ ಬೇಕು. ದೊಡ್ಡ ದೊಡ್ಡ ವಿಶೇಷಣ ಬೇಡ. 'ಘೋರ', 'ಅಮಾನವೀಯ' ಅಂತ ಬರೆದರೆ ಓದುವವನು ತಲೆಯಾಡಿಸಿ ಪುಟ ತಿರುವುತ್ತಾನೆ. ಲೋಟ ಎಲ್ಲಿ ಇಟ್ಟಿದ್ದರು ಅಂತ ಬರೆದರೆ ನಿಲ್ಲುತ್ತಾನೆ. ನಿಮ್ಮ ಕೇರಿಯ ಮಾತಿನಲ್ಲೇ ಬರೆಯಿರಿ. ರಜಕ್ಕೆ ಊರಿಗೆ ಹೋದಾಗ ಅವ್ವನನ್ನು, ಅಜ್ಜಿಯನ್ನು ಕೇಳಿ ಅವರ ಎರಡು ಪುಟವನ್ನೂ ತನ್ನಿ. ಹುಡುಗಿಯರು ಬರೆಯದಿದ್ದರೆ ನೋಟ್‌ಬುಕ್ಕು ಅರ್ಧ ಮಾತ್ರ.

ಇನ್ನೊಂದು. ಹಳೆಯದಾದರೆ ಬರಹ, ಇವತ್ತೇ ನಡೆದಿದ್ದರೆ ದೂರು. ನಿಮ್ಮ ತಮ್ಮ ತಂಗಿಯರ ಶಾಲೆಯಲ್ಲಿ ಈಗಲೂ ಸಾಲು ಬೇರೆ ಇದ್ದರೆ, ಸೌಟು ಕೇರಿಯ ಕೈಗೆ ಸಿಗದೇ ಇದ್ದರೆ, ಅದು ನೆನಪು ಅಲ್ಲ, ಅಪರಾಧ. 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ನಾಲ್ಕು ಜನ ಸೇರಿ ಹೋಗಿ ಬರೆದು ಕೊಡಿ, ಬರೆದುಕೊಟ್ಟದ್ದಕ್ಕೆ ರಸೀದಿ ತನ್ನಿ.

ಮುಂದಿನ ಶನಿವಾರ ಇದೇ ಹೊತ್ತಿಗೆ ಸೇರೋಣ. ಭಾಷಣ ಇರೋದಿಲ್ಲ. ಐದು ಜನ ತಮ್ಮ ಎರಡು ಪುಟ ಓದುತ್ತಾರೆ, ಉಳಿದವರು ಕೇಳುತ್ತಾರೆ. ಯಾರು ಮೊದಲು ಓದುತ್ತೀರಿ? ಹೆಸರು ಈಗಲೇ ಕೊಡಿ.

ಜೈ ಭೀಮ್.